ವರ್ಷವನ್ನು ಹನ್ನೆರಡರಿಂದ ಭಾಗಿಸಬೇಡಿ

2026ರಲ್ಲಿ ಕುಮಾರವ್ಯಾಸ ಭಾರತವನ್ನು ಪೂರ್ತಿ ಓದಬೇಕು ಅಂತ ನಿರ್ಧರಿಸಿದ್ದೇನೆ. ಬಿಡಿಬಿಡಿಯಾಗಿ ಓದಿದ್ದು ಬೇಕಾದಷ್ಟಿದೆ. ಶಾಲೆಯ ಪಾಠದಲ್ಲಿ ಬಂದ ಉತ್ತರಕುಮಾರನ ಪೌರುಷ, ಕಾಲೇಜಿನಲ್ಲಿ ಓದಿದ ಕರ್ಣನ ಜನ್ಮರಹಸ್ಯದ ಭಾಗ, ಶ್ರಾವಣದಲ್ಲಿ ಗುಡಿಯ ಪಡಸಾಲೆಯಲ್ಲಿ, ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ಬಾಯಿಂದ ಕೇಳಿದ ದ್ರೌಪದಿಯ ಮೊರೆ. ಎಲ್ಲವೂ ತುಂಡುತುಂಡು. ಆದಿಪರ್ವದಿಂದ ಗದಾಪರ್ವದವರೆಗೆ ಹತ್ತೂ ಪರ್ವಗಳನ್ನು ಬಾಯಿಬಿಟ್ಟು, ರಾಗ ಬರದಿದ್ದರೂ ಲಯ ತಪ್ಪದ ಹಾಗೆ ಓದಿ ಮುಗಿಸಬೇಕು ಅನ್ನುವುದು ಬಹಳ ದಿನದ ಆಸೆ. ಧಾರವಾಡದಲ್ಲಿ ಇದ್ದುಕೊಂಡು, ಎರಡು ಗಂಟೆ ದಾರಿಯಲ್ಲಿ ಕುಮಾರವ್ಯಾಸನ ಗದಗ ಇರುವಾಗ, ಆ ಕಾವ್ಯವನ್ನು ಬರೀ ಪಠ್ಯದ ತುಣುಕುಗಳಲ್ಲಿ ಬಲ್ಲೆ ಅನ್ನಲು ಮನಸ್ಸು ಒಪ್ಪುವುದಿಲ್ಲ.

ಗುರಿ ಬರೆದಿಟ್ಟ ಕೂಡಲೇ ಕೈ ತಾನಾಗಿ ಕ್ಯಾಲ್ಕುಲೇಟರಿನ ಕಡೆ ಹೋಗುತ್ತದೆ. ನನ್ನದು ಪತ್ತಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಹಾಗಾಗಿ ಇನ್ನೂ ಬೇಗ ಹೋಗುತ್ತದೆ. ಕಾವ್ಯದ 152 ಸಂಧಿಗಳನ್ನು, ಅಂದರೆ ಅಧ್ಯಾಯಗಳನ್ನು, 52 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು ಮೂರು. ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳನ್ನು 365ಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೆರಡರ ಮೇಲೆ. ಡೈರಿಯ ಮೊದಲ ಪುಟದಲ್ಲಿ ಈ ಅಂಕಿಗಳು ಚೆಂದ ಕಾಣುತ್ತವೆ. ಆದರೆ ಈ ಭಾಗಾಕಾರ ಒಂದು ಮಾತನ್ನು ಯಾರನ್ನೂ ಕೇಳದೆ ಒಪ್ಪಿಕೊಂಡುಬಿಡುತ್ತದೆ: ಮಾರ್ಚ್ 28ರ ರಾತ್ರಿಯೂ ಆಗಸ್ಟಿನ ಒಂದು ಭಾನುವಾರದ ಮಧ್ಯಾಹ್ನವೂ ತೂಕದಲ್ಲಿ ಸಮ ಅಂತ. ನಮ್ಮ ಕಚೇರಿಯಲ್ಲಿ ಕೆಲಸ ಮಾಡಿದವರು ಯಾರೂ ಇದನ್ನು ಒಪ್ಪಲಾರರು. ಮಾರ್ಚ್ ಕೊನೆಯ ವಾರ ಸಾಲದ ವಸೂಲಿ, ಬಡ್ಡಿಯ ಲೆಕ್ಕ, ಶಿಲ್ಕು ತಾಳೆ, ರಾತ್ರಿ ಮನೆಗೆ ಬಂದು ಚಪ್ಪಲಿ ಬಿಡುವಾಗ ಕಣ್ಣೆದುರು ಇನ್ನೂ ಖಾತೆಗಳೇ ಓಡುತ್ತಿರುತ್ತವೆ. ಈ ಸಲ ಅದರ ಜೊತೆಗೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಇದೆ.

ಹೊಸ ವರ್ಷದ ಗುರಿಗಳ ಬಗ್ಗೆ ಓದುವಾಗೆಲ್ಲ ನನಗೆ ಕಾಣುವುದು ಈ ಸಮಪಾಲು. ದೊಡ್ಡದನ್ನು ಚಿಕ್ಕದು ಮಾಡಿ, ತಿಂಗಳಿಗೆ ಇಷ್ಟು, ವಾರಕ್ಕೆ ಇಷ್ಟು, ದಿನಕ್ಕೆ ಇಷ್ಟು ಅಂತ ಹಂಚಿ ಅನ್ನುತ್ತಾರೆ. ಚಿಕ್ಕದು ಮಾಡಬೇಕು ಅನ್ನುವುದು ಸರಿ, ನನ್ನ ತಕರಾರು ಹಂಚುವ ರೀತಿಯ ಮೇಲೆ. ವರ್ಷ ಸಮತಟ್ಟಾಗಿಲ್ಲ. ಅದರಲ್ಲಿ ಹಬ್ಬದ ವಾರಗಳಿವೆ, ಜ್ವರದ ವಾರಗಳಿವೆ, ಮದುವೆಯ ಸಾಲುಗಳಿವೆ, ಏನೂ ಇಲ್ಲದೆ ಉದ್ದಕ್ಕೆ ಬಿದ್ದಿರುವ ಮಧ್ಯಾಹ್ನಗಳಿವೆ. ಹನ್ನೆರಡರಿಂದ ಭಾಗಿಸಿದಾಗ ಇದೆಲ್ಲ ಅಳಿಸಿಹೋಗುತ್ತದೆ, ಮಾರ್ಚ್ ಬಂದಾಗ ಗುರಿಯೇ ನೆಲಕಚ್ಚುತ್ತದೆ.

ನಾವು ಇಟ್ಟುಕೊಳ್ಳುವ ಅಂಕಿಗಳು ಎಲ್ಲಿಂದ ಬರುತ್ತವೆ ಅನ್ನುವುದನ್ನೂ ಒಮ್ಮೆ ಕೇಳಿಕೊಳ್ಳಬೇಕು. ದಿನಕ್ಕೆ 10,000 ಹೆಜ್ಜೆ ನಡೆಯಬೇಕು ಅನ್ನುವುದನ್ನೇ ನೋಡಿ. ಅದರ ಮೂಲ 1964ರ ಟೋಕಿಯೋ ಒಲಿಂಪಿಕ್ಸ್ ಆದಮೇಲೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಸಾಧನದ ಹೆಸರು. ನಡಿಗೆ ಒಳ್ಳೆಯದೇ, ಆದರೆ ಆ ದುಂಡನೆಯ ಸಂಖ್ಯೆ ನಮ್ಮ ಮೊಣಕಾಲನ್ನೋ ನಮ್ಮ ಬೀದಿಯನ್ನೋ ನೋಡಿ ಹುಟ್ಟಿದ್ದಲ್ಲ. ವರ್ಷಕ್ಕೆ 52 ಪುಸ್ತಕ ಅನ್ನುವುದೂ ಅದೇ ಜಾತಿಯದು. ವಾರಗಳ ಲೆಕ್ಕ ಪುಸ್ತಕದ ದಪ್ಪವನ್ನು ನೋಡುವುದಿಲ್ಲ.

ನನ್ನ ಅಪ್ಪ ನವಲಗುಂದದ ಕಡೆಯ ಎರೆಹೊಲದ ರೈತ. ಅವರಿಗೂ ವರ್ಷವನ್ನು ಹಂಚುವ ಒಂದು ಲೆಕ್ಕ ಇದೆ. ಅದು ಮಳೆ ನಕ್ಷತ್ರಗಳ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಮಳೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕಾ, ಮೇ ಕೊನೆಗೆ ರೋಹಿಣಿ, ಜೂನ್ 8ರ ಸುಮಾರಿಗೆ ನಮ್ಮ ಕಡೆ ಮಿರಗ ಅನ್ನುವ ಮೃಗಶಿರಾ, ತಿಂಗಳ ಮೂರನೇ ವಾರ ದಾಟಿದರೆ ಆರಿದ್ರಾ. ಇಪ್ಪತ್ತೇಳು ನಕ್ಷತ್ರ, ಇಪ್ಪತ್ತೇಳು ಪಾಲು. ಉದ್ದದಲ್ಲಿ ಎಲ್ಲವೂ ಹೆಚ್ಚುಕಮ್ಮಿ ಒಂದೇ. ಆದರೆ ಯಾವ ರೈತನೂ ಪ್ರತಿ ಪಾಲಿಗೂ ಒಂದೇ ಕೆಲಸ ಹಚ್ಚುವುದಿಲ್ಲ. ಒಂದೊಂದು ಮಳೆಗೂ ಒಂದೊಂದು ಗುಣ, ಒಂದೊಂದು ಮಾತು. ರೋಹಿಣಿ ಮಳೆ ಆದರೆ ಓಣಿ ತುಂಬ ಜೋಳ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಸ್ವಾತಿ ಮಳೆ ಆದರೆ ಮುತ್ತಿನಂಥ ಜೋಳ. ಮಿರಗದಲ್ಲಿ ಹೆಸರು ಬಿತ್ತುವ ಧಾವಂತ. ಹಸ್ತಾ, ಚಿತ್ತಾ ಹೊತ್ತಿಗೆ ಹಿಂಗಾರಿ ಜೋಳ, ಕಡಲೆ. ನಡುವೆ ಎಡೆ ಹೊಡೆಯುವುದು, ಕಳೆ ತೆಗೆಯುವುದು, ಕಾಯುವುದು. ಸುಗ್ಗಿ ಮುಗಿದು ಬಿಸಿಲು ಏರಿದ ಮೇಲೆ ಹೊಲಕ್ಕೂ ವಿಶ್ರಾಂತಿ, ಎತ್ತಿಗೂ ವಿಶ್ರಾಂತಿ.

ಬಿತ್ತುವ ದಿನವನ್ನು ಅಪ್ಪ ಹೇಗೆ ಗೊತ್ತು ಮಾಡುತ್ತಾರೆ ಅನ್ನುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮಳೆ ಬಿದ್ದ ಮರುದಿನವೇ ಹೊಲಕ್ಕೆ ಇಳಿಯುವುದಿಲ್ಲ. ಎರೆ ಮಣ್ಣು ಹಸಿ ಹೆಚ್ಚಿದ್ದರೆ ಕಾಲಿಗೆ ಅಡಿಗಟ್ಟಲೆ ಮೆತ್ತಿಕೊಳ್ಳುತ್ತದೆ, ಕೂರಿಗೆ ಎಳೆಯಲು ಬಿಡುವುದಿಲ್ಲ. ಬದುವಿನ ಮೇಲೆ ನಡೆದು ಹೋಗಿ, ಹೊಲದ ನಡುವೆ ಕೂತು, ಮೇಲಿನ ಒಣಮಣ್ಣು ಸರಿಸಿ ಒಳಗಿನದನ್ನು ಒಂದು ಹಿಡಿ ತೆಗೆಯುತ್ತಾರೆ. ಮುಷ್ಟಿಯಲ್ಲಿ ಒತ್ತಿ ಬೆರಳು ಬಿಚ್ಚುತ್ತಾರೆ. ಅಂಟಿಕೊಂಡು ಕೂತರೆ ಇನ್ನೂ ಹಸಿ. ಪುಡಿಪುಡಿಯಾಗಿ ಉದುರಿದರೆ ಹೊತ್ತು ಮೀರಿದೆ. ಉಂಡೆ ನಿಂತು, ಹೆಬ್ಬೆರಳು ತಾಗಿಸಿದಾಗ ಒಡೆದರೆ ಹದ. ಆಗ ಮನೆಗೆ ಬಂದು ಬೀಜದ ಚೀಲ ಬಿಚ್ಚುತ್ತಾರೆ. ಆ ಹದ ಎರಡು ಮೂರು ದಿನ ಇರಬಹುದು, ಅಷ್ಟರಲ್ಲಿ ಇಡೀ ಮನೆ ಹೊಲದಲ್ಲೇ. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಅನ್ನುವ ಗಾದೆಯನ್ನು ನಾನು ಪುಸ್ತಕದಲ್ಲಿ ಓದುವ ಮೊದಲು ಅವರ ಕೈಯಲ್ಲಿ ನೋಡಿದೆ. ಈ ವರ್ಷದ ಓದಿನ ಯೋಜನೆ ಹೇಳಿದಾಗಲೂ ಅವರು ಅದನ್ನೇ ಹೇಳಿದರು: "ತಾರೀಖ ನೋಡಿ ಬಿತ್ತಿದ್ರ ಬೆಳಿ ಬರೂದಿಲ್ಲವಾ. ಹದಾ ನೋಡ್ಕೊಂಡು ಓದು."

ಓದಿಗೆ ಹದ ಅಂದರೇನು ಅಂತ ಯೋಚಿಸುತ್ತಿದ್ದಾಗ ನೆನಪಾದದ್ದು ಗದುಗಿನ ವೀರನಾರಾಯಣ ಗುಡಿಯ ಕಥೆ. ಅದು ಈ ಭಾಗದವರಿಗೆಲ್ಲ ಗೊತ್ತು. ಕೋಳಿವಾಡದ ನಾರಣಪ್ಪ, ಅಂದರೆ ನಮ್ಮ ಕುಮಾರವ್ಯಾಸ, ಗುಡಿಯ ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಬಂದು ಕಂಬಕ್ಕೆ ಒರಗಿ ಕೂತು ಕಾವ್ಯ ಹೇಳುತ್ತಿದ್ದನಂತೆ. ಬಟ್ಟೆ ಆರುವವರೆಗೆ ಮಾತ್ರ ಪದ್ಯ. ಬಟ್ಟೆ ಆರಿತೋ, ಅಂದಿನ ಕಾವ್ಯ ಮುಗಿಯಿತು. ಆ ಕಂಬವನ್ನು ಇಂದಿಗೂ ಕುಮಾರವ್ಯಾಸನ ಕಂಬ ಅಂತ ತೋರಿಸುತ್ತಾರೆ. ನಾನೂ ಅದರ ಎದುರು ನಿಂತಿದ್ದೇನೆ.

ಇದು ಐತಿಹ್ಯ, ಚರಿತ್ರೆ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಕಥೆಯನ್ನು ಕಟ್ಟಿ ನೂರಾರು ವರ್ಷ ಕಾಪಾಡಿಕೊಂಡು ಬಂದ ಜನಕ್ಕೆ ದೊಡ್ಡ ಕೆಲಸ ಹೇಗೆ ಆಗುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು ಅಂತ ನನ್ನ ನಂಬಿಕೆ. ದಿನಕ್ಕೆ ಇಷ್ಟು ಪದ್ಯ ಅಂತ ಅವರು ಕವಿಗೆ ಲೆಕ್ಕ ಹಚ್ಚಲಿಲ್ಲ. ಬಟ್ಟೆಯ ಅಳತೆ ಕೊಟ್ಟರು. ಗದುಗಿನ ಚೈತ್ರದ ಬಿಸಿಲಿನಲ್ಲಿ ಒದ್ದೆ ಪಂಚೆ ಎಷ್ಟು ಹೊತ್ತು ಒದ್ದೆ ಇದ್ದೀತು? ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದೇ ಪಂಚೆ ಮಧ್ಯಾಹ್ನದವರೆಗೂ ಆರುವುದಿಲ್ಲ. ಅಂದರೆ ಕವಿಯ ದಿನದ ಪಾಲನ್ನು ಋತುವೇ ಗೊತ್ತು ಮಾಡುತ್ತಿತ್ತು. ಬೇಸಿಗೆಯಲ್ಲಿ ಕಡಿಮೆ, ಮಳೆಗಾಲದಲ್ಲಿ ಹೆಚ್ಚು. ಎರಡೂ ಕಾಲದಲ್ಲಿ ಮೀಯುವುದು, ಬಂದು ಕೂರುವುದು ಮಾತ್ರ ತಪ್ಪುತ್ತಿರಲಿಲ್ಲ. ಕೆಲಸಕ್ಕೆ ಶುರು ಖಚಿತ, ಕೊನೆ ಸಡಿಲ. ಈ ಕಥೆಯಲ್ಲಿ ನನಗೆ ಬೇಕಾದದ್ದೆಲ್ಲ ಇದೆ.

ಹಾಗಾಗಿ ನನ್ನ ದಿನದ ಪಾಲನ್ನು ಪದ್ಯದ ಸಂಖ್ಯೆಯಿಂದ ಬಿಡಿಸಿದ್ದೇನೆ. ರಾತ್ರಿ ಊಟವಾಗಿ ಅಡುಗೆಮನೆಯ ಕಟ್ಟೆ ಒರೆಸಿದ ಮೇಲೆ ಪುಸ್ತಕ ತೆರೆದು ಕೂರುವುದು, ಇಷ್ಟು ಕಡ್ಡಾಯ. ಒಂದೇ ಪದ್ಯಕ್ಕೆ ಕಣ್ಣು ಮುಚ್ಚಿಹೋದರೂ ಅಂದಿನ ಓದು ಆಯಿತು. ಹುಮ್ಮಸ್ಸಿದ್ದ ದಿನ ಇಡೀ ಸಂಧಿ ಓದಿದರೂ ಆಯಿತು.

ಒಂದೇ ಪದ್ಯವೆಂದರೆ ಏನು ಮಹಾ ಅನ್ನಿಸಬಹುದು. ಭಾಮಿನಿ ಷಟ್ಪದಿಯ ಒಂದು ಪದ್ಯವನ್ನು ಬಾಯಿಬಿಟ್ಟು ಓದಿ ನೋಡಿದರೆ ಹಾಗನ್ನಿಸುವುದಿಲ್ಲ. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆಗಳ ನಡೆ. ಮಾತ್ರೆ ಅಂದರೆ ಹ್ರಸ್ವ ಅಕ್ಷರವೊಂದನ್ನು ಹೇಳುವಷ್ಟು ಹೊತ್ತು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಇನ್ನೊಂದು ಮೂರು-ನಾಲ್ಕನ್ನು ಸೇರಿಸಿಕೊಂಡು ಕೊನೆಗೆ ಎರಡು ಮಾತ್ರೆಯ ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಒಟ್ಟು 102 ಮಾತ್ರೆ. ಆರೂ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ. ಆದರೆ ಮಾತು ಸಾಲಿನ ಕೊನೆಗೆ ನಿಲ್ಲುವುದಿಲ್ಲ, ಪದ ಅರ್ಧಕ್ಕೆ ತುಂಡಾಗಿ ಮುಂದಿನ ಸಾಲಿಗೆ ಜಿಗಿಯುತ್ತದೆ. ಮೊದಲ ಸಲ ಓದುವಾಗ ನಾಲಿಗೆಗೆ ಲಯ ಸಿಗುತ್ತದೆ, ಅರ್ಥ ಸಿಗುವುದಿಲ್ಲ. ಎರಡನೇ ಸಲ ಪದಗಳನ್ನು ಬಿಡಿಸಿಕೊಳ್ಳಬೇಕು. ಎಲ್ಲಿ ಎರಡು ಪದ ಸಂಧಿಯಾಗಿ ಕೂಡಿಕೊಂಡಿವೆ, ಯಾವ ಕ್ರಿಯಾಪದ ಯಾರಿಗೆ ಸೇರಿದ್ದು, ಈ ಮಾತು ಭೀಮನದೋ ದ್ರೌಪದಿಯದೋ. ಮೂರನೇ ಸಲ ಲಯವೂ ಅರ್ಥವೂ ಒಟ್ಟಿಗೆ ಕೂಡಿ ಬರುತ್ತವೆ, ಮುಖದ ಮೇಲೆ ತಾನಾಗಿ ನಗು ಬರುತ್ತದೆ. ದಿನಕ್ಕೆ ಇಪ್ಪತ್ತೆರಡು ಅನ್ನುವ ಲೆಕ್ಕ ಇಟ್ಟುಕೊಂಡರೆ ಈ ಮೂರನೇ ಓದಿಗೆ ಹೊತ್ತೇ ಇರುವುದಿಲ್ಲ. ನಾನು ಈ ಕಾವ್ಯ ಓದಲು ಹೊರಟದ್ದೇ ಆ ಮೂರನೇ ಓದಿಗಾಗಿ. ಗುರಿಯನ್ನು ಒಡೆಯುವಾಗ ಯಾವ ಚೂರಿನಲ್ಲಿ ಅದರ ಜೀವ ಇದೆ ಅನ್ನುವುದನ್ನು ನೋಡಿ ಒಡೆಯಬೇಕು, ಇಲ್ಲದಿದ್ದರೆ ಡಿಸೆಂಬರಿನಲ್ಲಿ ಪುಟಗಳು ಮುಗಿದಿರುತ್ತವೆ, ಓದಿದ್ದು ಮಾತ್ರ ಏನೂ ಉಳಿದಿರುವುದಿಲ್ಲ.

ಇನ್ನೊಂದು ವಿಷಯ. ಓದಿನ ವೇಗವೂ ವರ್ಷವಿಡೀ ಒಂದೇ ಇರುವುದಿಲ್ಲ. ಜನವರಿಯಲ್ಲಿ ಪ್ರತಿ ಪದ್ಯಕ್ಕೂ ಅರ್ಥಕೋಶ ಬೇಕಾಗುತ್ತದೆ. ಅದೇ ಪದಗಳು, ಅದೇ ತಿರುವುಗಳು ಮತ್ತೆ ಮತ್ತೆ ಬಂದು ಆರೇಳು ತಿಂಗಳಲ್ಲಿ ಕಿವಿ ಪಳಗುತ್ತದೆ. ಕಲಿಯುವ ಅಂಶ ಇರುವ ಯಾವ ಗುರಿಗಾದರೂ ಇದು ಹೀಗೆಯೇ, ಸಂಗೀತಕ್ಕಾಗಲಿ ಹೊಲಿಗೆಗಾಗಲಿ ಹೊಸ ಭಾಷೆಗಾಗಲಿ. ಮೊದಲ ತಿಂಗಳಿಗೂ ಹತ್ತನೇ ತಿಂಗಳಿಗೂ ಒಂದೇ ಪಾಲು ಹಚ್ಚಿದರೆ ಮೊದಲು ಹೊರೆ, ಕೊನೆಗೆ ಬೇಸರ.

ಸಮಪಾಲು ಸರಿಹೊಂದುವ ಗುರಿಗಳೂ ಇವೆ. ಹಣ ಉಳಿಸುವುದು ಅಂಥದ್ದು. ಅಲ್ಲಿ ನನ್ನ ಹುಮ್ಮಸ್ಸಿನ ಪಾತ್ರ ಆದಷ್ಟು ಕಡಿಮೆ ಇದ್ದರೆ ಒಳ್ಳೆಯದು. ಸಂಬಳ ಬಿದ್ದ ಮರುದಿನ ಆರ್‌ಡಿಗೆ, ಅಂದರೆ ತಿಂಗಳ ಕಂತಿನ ಠೇವಣಿಗೆ, ಕಂತು ತಾನಾಗಿ ಹೋಗಲಿ. ಪಿಪಿಎಫ್ ಅನ್ನುವ ಸರ್ಕಾರಿ ಉಳಿತಾಯ ಖಾತೆ ಇದ್ದವರು 5ನೇ ತಾರೀಖಿನ ಒಳಗೆ ಕಟ್ಟಿಬಿಡಲಿ, ಏಕೆಂದರೆ 5ರಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಶಿಲ್ಕಿನ ಮೇಲೆ ಆ ತಿಂಗಳ ಬಡ್ಡಿ ಲೆಕ್ಕವಾಗುತ್ತದೆ. ಆರನೇ ತಾರೀಖು ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಇಷ್ಟು ಗೊತ್ತಿದ್ದರೆ ಸಾಕು, ಅದಕ್ಕಾಗಿ ಡೈರಿಯಲ್ಲಿ ಪುಟ ತೆಗೆದಿಡಬೇಕಾಗಿಲ್ಲ.

ವೇಗ ನಮ್ಮ ಕೈಯಲ್ಲೇ ಇರದ ಗುರಿಗಳು ಮತ್ತೊಂದು ಬಗೆ. ತವರಿನ ಹೊಲದ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಅದನ್ನು ಅಪ್ಪನ ಹೆಸರಿಗೆ ಪೌತಿ ಖಾತೆ ಮಾಡಿಸುವುದು ತಮ್ಮನ ಈ ವರ್ಷದ ಕೆಲಸ. ಇದನ್ನು ತಿಂಗಳುಗಳಲ್ಲಿ ಒಡೆದು ಪ್ರಯೋಜನವಿಲ್ಲ, ಕಾಗದಗಳಲ್ಲಿ ಒಡೆಯಬೇಕು. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಸೋದರತ್ತೆಯರನ್ನೂ ಸೇರಿಸಿ ಎಲ್ಲ ವಾರಸುದಾರರ ಜೊತೆ ಕೂತು ಮಾತು, ನಾಡಕಚೇರಿಗೆ ಅರ್ಜಿ, ತಕರಾರಿಗೆ ನೋಟಿಸಿನ ಅವಧಿ, ಆಮೇಲೆ ಪಹಣಿಯಲ್ಲಿ ಹೆಸರು. ಒಂದು ಕಾಗದ ಕೈಗೆ ಬರುವವರೆಗೆ ಮುಂದಿನದು ಹೊರಡುವುದಿಲ್ಲ. ನಾನು ತಮ್ಮನಿಗೆ ಹೇಳಿದ್ದು ಒಂದೇ: "ಅತ್ತೆಯಂದಿರ ಹತ್ರ ಮಾತಾಡೂದನ್ನ ಮೊದಲ ಮಾಡು, ಅದನ್ನ ಕಡೀಕ ಇಡಬ್ಯಾಡ." ಈ ಕೆಲಸದಲ್ಲಿ ನಿಜವಾಗಿ ಮನಸ್ಸು ಹಾಕಬೇಕಾದ ಪಾಲು ಅದೊಂದೇ. ಹಕ್ಕಿರುವವರನ್ನು ಕೊನೆಗೆ ಸಹಿಗೆ ಮಾತ್ರ ಕರೆದರೆ ಹೊಲ ಉಳಿದರೂ ಸಂಬಂಧ ಉಳಿಯುವುದಿಲ್ಲ.

ಗುರಿಗೆ ಶುರು ಯಾವಾಗ ಅನ್ನುವ ಪ್ರಶ್ನೆಗೆ ಬರುತ್ತೇನೆ. ಜನವರಿ 1ರ ಮೇಲೆ ಇಷ್ಟೊಂದು ಭಾರ ಹಾಕುವುದು ನಮಗೆ ಬೇಕಿಲ್ಲ. ನಮ್ಮಲ್ಲಿ ಒಂದೇ ವರ್ಷದೊಳಗೆ ಎಷ್ಟೊಂದು ಹೊಸ ವರ್ಷಗಳು ಬರುತ್ತವೆ! ಮಾರ್ಚ್ 19ಕ್ಕೆ ಉಗಾದಿ, ಪರಾಭವ ಸಂವತ್ಸರ. ಏಪ್ರಿಲ್ 1ಕ್ಕೆ ಸಂಘದ ಹೊಸ ಖಾತೆಪುಸ್ತಕ. ಶಾಲೆಯ ಗಂಟೆ ಬಾರಿಸಿದಾಗ ಮಕ್ಕಳ ವರ್ಷ. ಮಿರಗದ ಮಳೆಗೆ ರೈತರ ವರ್ಷ. ದೀಪಾವಳಿಯ ಪಾಡ್ಯಕ್ಕೆ ಅಂಗಡಿಯವರ ಹೊಸ ಲೆಕ್ಕ. ಹೆಂಗ್‌ಚೆನ್ ಡಾಯ್, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೇ ಮಾತನ್ನು ಬೇರೆ ದಾರಿಯಿಂದ ಹೇಳುತ್ತದೆ. ವಾರದ ಶುರು, ತಿಂಗಳ ಶುರು, ಹುಟ್ಟುಹಬ್ಬ ಹೀಗೆ ಕಾಲದಲ್ಲಿ ಒಂದು ಗೆರೆ ಎಳೆದಂತಾದಾಗ ಜನ ವ್ಯಾಯಾಮಕ್ಕೋ ಹೊಸ ಗುರಿಗೋ ಮತ್ತೆ ಹೊರಳುತ್ತಾರೆ ಅಂತ ಅವರು ಕಂಡುಕೊಂಡರು. ಅಂಥ ಗೆರೆಗಳು ನಮ್ಮ ಪಂಚಾಂಗದಲ್ಲಿ ಹೆಜ್ಜೆಹೆಜ್ಜೆಗೂ ಇವೆ.

ಪೂಜೆಗೆ ಕೂತಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಗಮನವಿಟ್ಟು ಕೇಳಿದ್ದೀರಾ? ಅದು ಬ್ರಹ್ಮನ ದ್ವಿತೀಯ ಪರಾರ್ಧದಿಂದ ಶುರುವಾಗುತ್ತದೆ. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಪ್ರಥಮ ಪಾದ, ಗೋದಾವರಿಯ ದಕ್ಷಿಣ ತೀರ, ಇಂಥ ಸಂವತ್ಸರ, ಇಂಥ ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಇಷ್ಟು ದೂರದಿಂದ ಇಳಿದಿಳಿದು ಬಂದು ಕೊನೆಗೆ ನಾನು ಮಾಡುತ್ತೇನೆ ಅನ್ನುವುದು ಏನನ್ನು? ಇವತ್ತಿನ ಈ ಪೂಜೆಯನ್ನು. ಮುಂದಿನ ವರ್ಷ ಮಾಡುವ ಪೂಜೆಗೆ ಯಾರೂ ಇಂದು ಕೈಯಲ್ಲಿ ಅಕ್ಷತೆ ಹಿಡಿಯುವುದಿಲ್ಲ.

ಪಂಚಾಂಗದಿಂದ ನಾನು ಕಲಿತ ಇನ್ನೊಂದು ದೊಡ್ಡ ಪಾಠ ಅಧಿಕ ಮಾಸ. ಚಾಂದ್ರಮಾನದ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗೇ ಬಿಟ್ಟರೆ ಉಗಾದಿ ಮಳೆಗಾಲಕ್ಕೆ ಜಾರುತ್ತದೆ. ಅದಕ್ಕೆ ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಇಡುತ್ತಾರೆ. ಹಿಂದೆ ಬಿದ್ದದ್ದಕ್ಕೆ ಯಾರನ್ನೂ ಬೈಯದೆ, ಹಿಂದೆ ಬೀಳುತ್ತದೆ ಅಂತ ಮೊದಲೇ ತಿಳಿದು ಸರಿದೂಗಿಸುವ ವ್ಯವಸ್ಥೆ ಇದು. ಮಹಾಭಾರತದಲ್ಲೂ ಇದು ಬರುತ್ತದೆ. ಅಜ್ಞಾತವಾಸದ ಅವಧಿ ಮುಗಿಯುವ ಮೊದಲೇ ಅರ್ಜುನ ಹೊರಬಿದ್ದನೇ ಅನ್ನುವ ವಿವಾದ ಎದ್ದಾಗ, ವ್ಯಾಸಭಾರತದ ವಿರಾಟಪರ್ವದಲ್ಲಿ ಭೀಷ್ಮರು ಐದು ವರ್ಷಕ್ಕೆ ಎರಡು ತಿಂಗಳು ಹೆಚ್ಚಾಗುವ ಲೆಕ್ಕ ಹೇಳಿ, ಹದಿಮೂರು ವರ್ಷ ತುಂಬಿದೆ ಅಂತ ತೀರ್ಪು ಕೊಡುತ್ತಾರೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬಿದ್ದಿದೆ. ಆ ತಿಂಗಳು ಮದುವೆ ಮುಂಜಿ ಇಲ್ಲ, ಊರೂರು ತಿರುಗುವ ಕೆಲಸವೂ ಕಡಿಮೆ. ಆ ಮೂವತ್ತು ದಿನಕ್ಕೆ ನಾನು ಯಾವ ಹೊಸ ಪರ್ವವನ್ನೂ ಹಚ್ಚಿಲ್ಲ. ಉಳಿದದ್ದು ಇದ್ದರೆ ಓದಿಕೊಳ್ಳುವುದಕ್ಕೆ, ಇಲ್ಲದಿದ್ದರೆ ಇಷ್ಟವಾದ ಸಂಧಿಯನ್ನು ಮತ್ತೊಮ್ಮೆ ಓದುವುದಕ್ಕೆ.

ಇಷ್ಟು ಲೆಕ್ಕ ಹಾಕಿದ ಮೇಲೆ ಆದಿಪರ್ವದಿಂದ ಶುರು ಮಾಡುವ ವಿಚಾರ ಬಿಟ್ಟೆ. ವಿರಾಟಪರ್ವ ಮೊದಲು. ಅದು ಹತ್ತೇ ಸಂಧಿ, ಕಥೆ ಎಲ್ಲರಿಗೂ ಗೊತ್ತು, ಕೀಚಕವಧೆಯ ಬಿಗಿ ಇದೆ, ಉತ್ತರಕುಮಾರನ ನಗೆ ಇದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಊರಲ್ಲಿ ವಿರಾಟಪರ್ವ ಓದಿಸುವ ರೂಢಿ ನಮ್ಮ ನಾಡಿನಲ್ಲಿ ಬಹಳ ಹಳೆಯದು, ಹಾಗಾಗಿ ಕಿವಿಗೂ ಪರಿಚಯದ ಪರ್ವ. ಅದಕ್ಕಿಂತ ಹೆಚ್ಚಾಗಿ, ಒಂದು ವರ್ಷವನ್ನು ಹೇಗೆ ದಾಟಬೇಕು ಅನ್ನುವ ಪ್ರಶ್ನೆಯೇ ಆ ಪರ್ವದ ಕಥೆ. ಒಂದು ವರ್ಷ ಯಾರಿಗೂ ಗುರುತು ಸಿಗದಂತೆ ಬದುಕಬೇಕು ಅನ್ನುವ ದೊಡ್ಡ ಗುರಿ ಪಾಂಡವರ ಮುಂದಿದೆ. ಅವರು ಅದನ್ನು ತಿಂಗಳುಗಳಲ್ಲಿ ಒಡೆಯುವುದಿಲ್ಲ, ದಿನದ ಕೆಲಸಗಳಲ್ಲಿ ಒಡೆಯುತ್ತಾರೆ. ಧರ್ಮರಾಯ ಕಂಕನಾಗಿ ರಾಜನ ಜೊತೆ ಪಗಡೆಗೆ, ಭೀಮ ವಲಲನಾಗಿ ಅಡುಗೆಮನೆಗೆ, ಅರ್ಜುನ ಬೃಹನ್ನಳೆಯಾಗಿ ನಾಟ್ಯಶಾಲೆಗೆ, ನಕುಲ ಕುದುರೆಲಾಯಕ್ಕೆ, ಸಹದೇವ ದನಗಳ ಕಡೆಗೆ, ದ್ರೌಪದಿ ಸೈರಂಧ್ರಿಯಾಗಿ ರಾಣಿಯ ಅಂತಃಪುರಕ್ಕೆ. ಅವರವರ ಕೈಗೆ ಒಗ್ಗಿದ ಕೆಲಸ ಅವರವರಿಗೆ.

ವಿರಾಟ ಮುಗಿದ ಮೇಲೆ ಫೆಬ್ರವರಿಯಲ್ಲಿ ಉದ್ಯೋಗಪರ್ವ, ಹನ್ನೊಂದು ಸಂಧಿ. ಮಾರ್ಚಿನಲ್ಲಿ ರಾತ್ರಿಗೆ ಒಂದು ಪದ್ಯ, ಬೇರೆ ಏನೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ಏಪ್ರಿಲಿನಲ್ಲಿ ಮಗಳೂ ಜೊತೆಗೆ ಕೂರುತ್ತೇನೆ ಅಂದಿದ್ದಾಳೆ, ಅವಳ ದನಿ ನನಗಿಂತ ಚೆನ್ನಾಗಿದೆ. ಆಗ ಆದಿಪರ್ವ, ಬೆಳಗಿನ ತಂಪಿನಲ್ಲಿ. ಜೂನ್ ಕೊನೆ, ಜುಲೈನಲ್ಲಿ ವಾರದ ಕೊನೆಗೆ ಊರಿಗೆ ಹೋಗಬೇಕಾಗುತ್ತದೆ, ಹೆಸರಿನ ಹೊಲದಲ್ಲಿ ಕಳೆ ತೆಗೆಯಲು ಆಳು ಸಿಗುವುದಿಲ್ಲ. ಸಭಾಪರ್ವ ನಿಧಾನವಾಗಿ ಸಾಗಲಿ. ಆಗಸ್ಟ್ 13ಕ್ಕೆ ಶ್ರಾವಣ ಕೂಡುತ್ತದೆ. ನಮ್ಮ ಓಣಿಯ ಗುಡಿಯಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚುತ್ತಾರೆ. ಕೇಳುವವರು ಇದ್ದಾಗ ಓದುವ ಬಾಯಿಗೆ ಬೇರೆಯದೇ ಕಸುವು ಬರುತ್ತದೆ, ಅರಣ್ಯಪರ್ವವನ್ನು ಅದಕ್ಕೇ ಅಲ್ಲಿಗೆ ಇಟ್ಟಿದ್ದೇನೆ. ಗಣೇಶನ ಹಬ್ಬ, ಅಕ್ಟೋಬರಿನ ನವರಾತ್ರಿ, ನವೆಂಬರ್ ಎರಡನೇ ವಾರದ ದೀಪಾವಳಿ, ಇವುಗಳ ನಡುನಡುವೆ ಭೀಷ್ಮ, ದ್ರೋಣ. ಆಮೇಲೆ ಕರ್ಣಪರ್ವ. ಇಪ್ಪತ್ತೇಳು ಸಂಧಿ, ಎಲ್ಲಕ್ಕಿಂತ ಉದ್ದದ್ದು. ಮೈಸೂರಿಗೋ ಬೆಂಗಳೂರಿಗೋ ಕಚೇರಿಯ ಕೆಲಸ ಬಂದರೂ ಪುಸ್ತಕ ಚೀಲದಲ್ಲಿರುತ್ತದೆ. ನಾನು ಹೆಚ್ಚು ಕಾಯುತ್ತಿರುವುದು ಆ ಪರ್ವಕ್ಕೆ. ಅಷ್ಟು ಹೊತ್ತಿಗೆ ಭಾಷೆ ಕೈಗೆ ಬಂದಿರಬೇಕು, ಕರ್ಣ ಸಾಯುವಾಗ ಅರ್ಥಕೋಶ ತೆರೆಯುವ ಪಾಡು ಬರಬಾರದು.

ಒಂದು ದಿನ ತಪ್ಪಿದರೆ? ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು ಲಂಡನ್ನಿನಲ್ಲಿ 96 ಜನರನ್ನು ಇಟ್ಟುಕೊಂಡು ನಡೆಸಿದ, 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಒಂದು ರೂಢಿ ಮೈಗೂಡಲು ಕೆಲವರಿಗೆ 18 ದಿನ ಸಾಕಾಗಿತ್ತು, ಕೆಲವರಿಗೆ 254 ದಿನ ಬೇಕಾಗುವ ಅಂದಾಜು ಸಿಕ್ಕಿತ್ತು. ನಡುವೆ ಒಂದು ದಿನ ಬಿಟ್ಟುಹೋದದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಿರಲಿಲ್ಲ. ಈ ಮಾತು ನನಗೆ ಬಹಳ ಸಮಾಧಾನ ಕೊಟ್ಟಿದೆ. ನೆಂಟರು ಬಂದರೆ ನೆಂಟರ ಜೊತೆ ಕೂರುತ್ತೇನೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವರ ಹತ್ತಿರ ಕೂರುತ್ತೇನೆ. ಬಿಟ್ಟ ಪದ್ಯಗಳನ್ನು ಮರುದಿನ ಎರಡು ಪಟ್ಟು ಓದಿ ತೀರಿಸುವ ಕಟ್ಟುಪಾಡು ನನ್ನಲ್ಲಿಲ್ಲ, ಸಾಲದ ಮೇಲೆ ಬಡ್ಡಿ ಹಾಕುವ ಕೆಲಸವನ್ನು ಹಗಲೆಲ್ಲ ಮಾಡುವವಳು ರಾತ್ರಿಯ ಓದಿಗೂ ಅದನ್ನು ತರಬಾರದು.

ಜನವರಿ 1 ಗುರುವಾರ, ಕಚೇರಿ ಇದೆ. ಸಂಜೆ ಬಂದು ವಿರಾಟಪರ್ವದ ಮೊದಲ ಸಂಧಿ ಶುರು ಮಾಡುತ್ತೇನೆ. ಪಕ್ಕದ ಮನೆಯ ನಿವೃತ್ತ ಟೀಚರ್ ಅಕ್ಕನವರು ವಾರಕ್ಕೊಮ್ಮೆ ಬಂದು, ಪದ ಬಿಡಿಸಲು ಬಾರದ ಪದ್ಯಗಳಿಗೆ ಅರ್ಥ ಹೇಳಲು ಒಪ್ಪಿದ್ದಾರೆ. ಡಿಸೆಂಬರಿಗೆ ಶಲ್ಯ, ಗದಾಪರ್ವಗಳು ಉಳಿದರೆ ಮುಂದಿನ ಉಗಾದಿಯವರೆಗೂ ಓದುತ್ತೇನೆ. ಡಿಸೆಂಬರ್ 31 ನಮ್ಮ ಸಂಘದ ಲೆಕ್ಕಕ್ಕೂ ವರ್ಷದ ಕೊನೆಯಲ್ಲ.